ಬಾವಿಯಲ್ಲಿ ತಂಪಿಗಿಟ್ಟ ಬೀರು

ಲಕ್ಕೂರು,
೧೧ ಏಪ್ರಿಲ್ ೧೯೪೩, ಭಾನುವಾರ

ಪ್ರೀತಿಯ ಅತ್ತಮ್ಮನವರ ಪಾದಗಳಿಗೆ ನಿಮ್ಮ ಸೊಸೆ ಗಂಗರತ್ನ ಮಾಡುವ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ರಾಯಲ್ಪಾಡಿನ ನೀರು ಒಗ್ಗಿತೆ? ಭಾರತಮ್ಮ ಎದ್ದು ಓಡಾಡುತ್ತಿದ್ದಾಳೆಯೆ, ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆಯೆ? ಅವಳ ಅತ್ತೆ ಹಾಸಿಗೆ ಹಿಡಿಯದೆ ಇದ್ದಿದ್ದರೆ ಬಾಣಂತನ ಇಲ್ಲೇ ಆಗುತ್ತಿತ್ತು, ನೀವೂ ಇಲ್ಲೇ ಇರುತ್ತಿದ್ದಿರಿ ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತೇನೆ. ನಿಮ್ಮ ಮಗನಿಂದ ಮಿಲಿಟರಿ ಕಾಗದ ಬಂದಿದೆ. ಊರಿನ ಹೆಸರಿನ ಮೇಲೆ ಮಸಿ ಬಳಿದಿದ್ದಾರೆ. ಕ್ಷೇಮವಾಗಿದ್ದೇನೆ ಎಂಬ ಮಾತನ್ನು ಉಳಿಸಿದ್ದಾರೆ, ನಮಗೆ ಅಷ್ಟು ಸಾಕು. ಮಗುವಿಗೆ ಕೆಳಗಡೆ ಎರಡು ಹಲ್ಲು ಬಂದಿವೆ. ಇನ್ನು ಇಲ್ಲಿಯ ಸಮಾಚಾರ ಬರೆಯುತ್ತೇನೆ. ಓದಿ ಹೇಳುವ ನಿಮ್ಮ ಅಳಿಯಂದಿರು ಕೋದಂಡರಾಮಣ್ಣನವರು ನಡುವೆ ನಗಬಾರದು.

ಬೆಂಗಳೂರಿನ ಬೀರು ಕಾರ್ಖಾನೆಯಲ್ಲಿ ಮಾವನವರು ಇಪ್ಪತ್ತೆರಡು ವರ್ಷ ದುಡಿದದ್ದು, ಅಲ್ಲಿ ಸಂಜೆಗೊಂದು ಬುಡ್ಡಿ ಪುಕ್ಕಟೆ ಸಿಗುತ್ತಿದ್ದದ್ದು ನಿಮಗೆ ಗೊತ್ತೇ ಇದೆ. ವಯಸ್ಸಾಯಿತೆಂದು ಹೋದ ವರ್ಷ ಅವರನ್ನು ಮನೆಗೆ ಕಳಿಸಿದ ಮೇಲೆ ಅದು ತಪ್ಪಿತು. ಮಾಲೂರಿನಲ್ಲಿ ಕೊಳ್ಳೋಣವೆಂದರೆ ಯುದ್ಧದ ಕಾಲದ ಬೆಲೆ. ಹೆಂಡದಂಗಡಿಯ ಬಾಗಿಲಲ್ಲಿ ನಿಲ್ಲಲು ಅವರಿಗೆ ಮನಸ್ಸಿಲ್ಲ. ನೀವು ಶಿವರಾತ್ರಿ ಮುಗಿಸಿ ಹೊರಟ ವಾರದಲ್ಲಿ ನಾನು ಮಗುವಿನ ಹುರಿಹಿಟ್ಟಿಗೆಂದು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟಿದ್ದೆ. ಗಂಟು ಬಿಚ್ಚಿದಾಗ ಮಾವ ಬಂದು ಒಂದು ಹಿಡಿ ತೆಗೆದುಕೊಂಡು ಮೂಸಿದರು. ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ಇದೇ ಕಣಮ್ಮ ಮಾಲ್ಟು! ದೊರೆಗಳು ಬಾರ್ಲೀಲಿ ಮಾಡ್ತಾರೆ, ನಾವು ರಾಗೀಲಿ ಮಾಡಾಣ. ಮನೇಲೇ ಮಾಡ್ಕೊಂಡ್ರೆ ನಾಲ್ಕು ಕಾಸು ಉಳೀತದೆ" ಅಂದರು. ಆ ರಾಗಿ ಮಗುವಿನ ಪಾಲಿಗೆ ಬರಲಿಲ್ಲ.

ನಾನು ತಡೆಯಬೇಕಿತ್ತು ಅನ್ನುತ್ತೀರಿ. ಮಾವನ ಎದುರು ನಿಂತು ನಾನು ಎಂದಾದರೂ ಮಾತಾಡಿದ್ದೇನೆಯೆ ಅತ್ತಮ್ಮ? ಅದೂ ಅಲ್ಲದೆ, ಕಾರ್ಖಾನೆ ಬಿಟ್ಟು ಬಂದಾಗಿನಿಂದ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತೇ ಇರುತ್ತಿದ್ದವರು ಈಗ ಕೋಳಿ ಕೂಗುವ ಮುಂಚೆ ಎದ್ದು, ಮಡಕೆಗಳನ್ನು ತಾವೇ ಬೂದಿ ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಮೊಳಕೆ ರಾಗಿಯನ್ನು ಒಣಗಿಸಿ, ಒಡೆದು, ಕುದಿಸಿ ಸೋಸಿದರು. ಕಹಿಗೆ ಅಲ್ಲಿ ಸೀಮೆಯ ಹೂವು ಹಾಕುತ್ತಿದ್ದರಂತೆ, ಇವರು ನೆಲಬೇವು ಹಾಕಿದರು. ಕಾರ್ಖಾನೆಯ ಹಳೆಯ ಗೆಳೆಯನ ಹತ್ತಿರ ಹೋಗಿ ಹುಳಿ ಬರಿಸುವ ಮಡ್ಡಿಯನ್ನು ಸೀಸೆಯಲ್ಲಿ ಮಗುವಿನಂತೆ ಎದೆಗವಚಿಕೊಂಡು ತಂದರು. ಅಬಕಾರಿಯವರಿಗೆ ತಿಳಿದರೆ ಗತಿಯೇನೆಂದು ನಾನು ಹಿತ್ತಿಲ ಬಾಗಿಲಿಗೆ ಅಗಳಿ ಹಾಕುತ್ತಿದ್ದೆ. ಅವರು ಮಡಕೆಯ ಬಾಯಿಗೆ ಕಿವಿಯಿಟ್ಟು "ಉಸಿರಾಡ್ತದೆ ನೋಡಮ್ಮ" ಅನ್ನುತ್ತಿದ್ದರು. ಅಂಥ ಖುಷಿಯನ್ನು ಹೇಗೆ ಕಿತ್ತುಕೊಳ್ಳಲಿ?

ತೊಂದರೆಯಾದದ್ದು ತಂಪಿನಿಂದ. "ಲಾಗರ್ ಬೀರು ಅಂದ್ರೆ ಸುಮ್ನೆ ಅಲ್ಲ, ಅದು ತಣ್ಣಗೆ ಮಲಗ್ಬೇಕು" ಎಂದು ಅವರ ಹಟ. ಕಾರ್ಖಾನೆಯಲ್ಲಿ ಅದಕ್ಕೆ ಮಂಜುಗಡ್ಡೆಯ ಕೋಣೆ ಇತ್ತು. ಈ ಬಿಸಿಲಲ್ಲಿ ನಮಗೆ ತಂಪು ಎಲ್ಲಿಂದ ಬರಬೇಕು? ಬುಡ್ಡಿಗಳಿಗೆ ತುಂಬಿ, ನೊರೆ ಏಳಲೆಂದು ಬೆಲ್ಲ ಹಾಕಿ, ಬಿರಡೆ ಜಡಿದು ದಾರ ಬಿಗಿದು, ಎರಡು ಮಂಕರಿಗಳಲ್ಲಿಟ್ಟು ಬಾವಿಗೆ ಇಳಿಬಿಟ್ಟರು. ಆ ಬಾವಿ ನಮ್ಮದೊಂದೇ ಅಲ್ಲವಲ್ಲ. ಪಕ್ಕದ ಮನೆಯ ವೆಂಕಟರಮಣಪ್ಪನವರೂ ಆ ಸಾಲಿನ ಎಂಟು ಮನೆಯವರೂ ಕುಡಿಯುವುದು ಅದೇ ನೀರು. "ಬುಡ್ಡಿ ಬಾಯಿ ಮುಚ್ಚಿದೆ, ನೀರಿಗೇನಾಯ್ತದೆ" ಎಂದು ಮಾವ ಅಂದರೆ ವೆಂಕಟರಮಣಪ್ಪನವರೂ ಒಪ್ಪಿದರು. ಒಂದು ಬುಡ್ಡಿ ಕೊಡುವೆನೆಂದು ಮಾವ ಹೇಳಿದ್ದಕ್ಕೋ ಏನೋ.

ಯುಗಾದಿಯ ಮಾರನೆಯ ದಿನ ಮಧ್ಯಾಹ್ನ ಅದೇ ಸಾಲಿನ ಅಕ್ಕಯಮ್ಮ ನೀರು ಸೇದುತ್ತಿದ್ದಾಗ ಬಾವಿಯೊಳಗಿಂದ ಢಂ ಎಂದಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಬೆಲ್ಲ ಹೆಚ್ಚಾಗಿ ಬುಡ್ಡಿಗಳು ಸಿಡಿಯುತ್ತಿದ್ದವು. ಅವಳು ಹಗ್ಗ ಬಿಟ್ಟು "ಜಪಾನಿನೋರು ಬಂದ್ರು!" ಎಂದು ಕೂಗುತ್ತ ಓಡಿದಳು. ಮೊದಲು ಎಲ್ಲರೂ ನಕ್ಕರು. ಸಂಜೆ ಅವಳು ಹಗ್ಗ ಎಳೆದು ತೆಗೆದ ಬಿಂದಿಗೆಯ ನೀರನ್ನು ಸೋಸಿದಾಗ ಬಟ್ಟೆಯಲ್ಲಿ ಗಾಜಿನ ಚೂರು ಸಿಕ್ಕಿತು. ಆಮೇಲೆ ಯಾರೂ ನಗಲಿಲ್ಲ. ಅವರವರ ಮಕ್ಕಳ ಬಾಯಿ ತೆರೆಸಿ ನೋಡಿದರು. ನಾನೂ ನೋಡಿದೆ. ದೇವರು ದೊಡ್ಡವನು, ಯಾರ ಹೊಟ್ಟೆಗೂ ಹೋಗಿರಲಿಲ್ಲ.

ಮೂರು ದಿನ ಕಪಿಲೆ ಕಟ್ಟಿ ಬಾವಿ ಬತ್ತಿಸಿದರು. ವೆಂಕಟರಮಣಪ್ಪನವರು ಇಳಿದು ಕೆಸರನ್ನೆಲ್ಲ ಜರಡಿ ಹಿಡಿದರು. ಎಂಟು ಮನೆಯ ಹೆಂಗಸರು ಊರಾಚೆಯಿಂದ ನೀರು ಹೊತ್ತೆವು. ವಯಸ್ಸಾದವರಿಗೆ ಯಾರೂ ಒಂದು ಮಾತು ಅನ್ನಲಿಲ್ಲ, ದಾರಿಯುದ್ದಕ್ಕೂ ನನಗೆ ಅಂದರು. "ಮನೇಲಿರೋ ಸೊಸೆ ನೀನು, ಸುಮ್ನಿದ್ಯಲ್ಲಮ್ಮ." ತಲೆ ಬಗ್ಗಿಸಿ ಕೊಡ ಹೊತ್ತೆ. ನಿನ್ನೆಯಿಂದ ಬಾವಿಯಲ್ಲಿ ಹೊಸ ಜಲ ಬರುತ್ತಿದೆ. ಮಾವ ಮಡಕೆಗಳನ್ನೆಲ್ಲ ತಿಪ್ಪೆಯ ಮೇಲೆ ಒಡೆದು ಹಾಕಿದ್ದಾರೆ.

ಕೋದಂಡರಾಮಣ್ಣನವರಿಗೆ, ಭಾರತಮ್ಮನ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಹೊಸ ಕೂಸಿಗೆ ಮುತ್ತು.

ಇಂತಿ ನಿಮ್ಮ ಸೊಸೆ,
ಗಂಗರತ್ನ

ಮರೆತ ಮಾತಲ್ಲ, ಮಾವ ದನ ಹೊಡೆದುಕೊಂಡು ಹೋಗಲೆಂದು ಕಾದಿದ್ದೆ. ಕೋದಂಡರಾಮಣ್ಣ, ಇದನ್ನು ಬಾಣಂತಿಗೆ ಕೇಳಿಸದ ಹಾಗೆ ಓದಿ. ಬಾವಿಯಲ್ಲಿ ಸಿಡಿಯದೆ ಉಳಿದ ಬುಡ್ಡಿಗಳನ್ನು ಮಾವ ತಾವೇ ಮೇಲೆಳೆದರು. ಒಂದು ಅವರ ಕೈಯಲ್ಲೇ ಒಡೆದು ಬಲಗಣ್ಣಿಗೆ ಗಾಜು ಹೊಡೆಯಿತು. "ಬಾವಿ ಇಸ್ಯ ಬೇಕಾದ್ರೆ ಬರಿ, ಇದನ್ನ ಮಾತ್ರ ಬರೀಬೇಡ" ಎಂದು ಮಗುವಿನ ಮೇಲೆ ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದಿದ್ದೇನೆ, ಆ ಪಾಪ ನನಗಿರಲಿ. ಐದು ದಿನದಿಂದ ಒಳಲೆಯಲ್ಲಿ ನನ್ನ ಎದೆಹಾಲು ಹಿಂಡಿ ಕೊಡುತ್ತಿದ್ದೇನೆ, ಆ ಕಡೆ ತಿರುಗಿ ಕಣ್ಣಿಗೆ ಬಿಟ್ಟುಕೊಳ್ಳುತ್ತಾರೆ. ಊತ ಇಳಿದಿಲ್ಲ. ಕೋಲಾರದ ಆಸ್ಪತ್ರೆಗೆ ಬನ್ನಿ ಎಂದು ಬಾಗಿಲ ಹಿಂದೆ ನಿಂತು ಬೇಡಿದೆ. "ಹೆಂಗಾಯ್ತು ಅಂತ ಕೇಳ್ತಾರೆ, ಜೈಲಿಗೆ ಹಾಕ್ತಾರೆ" ಅನ್ನುತ್ತಾರೆ. ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾರೆ. ಕಾಗದ ಮುಟ್ಟಿದ ದಿನವೇ ಹೊರಡಿ. ಇವತ್ತು ಬೆಳಿಗ್ಗೆ ಮಗು ಅತ್ತಿತು. ಎತ್ತಿಕೊಳ್ಳಲು ಮಾವ ಎರಡೂ ಕೈ ಚಾಚಿದರು. ಕೈಗಳು ಮಗುವಿನ ಪಕ್ಕದ ಬರಿಯ ಚಾಪೆಯ ಮೇಲೆ ಹೋದವು.