ಕೊರಳಿನ ಅಳತೆ

ಟೈಲರ್ ಅಣ್ಣನವರಿಗೆ ನಿಮ್ಮ ಅಂಗಡಿಯ ಮೇಲಿನ ಮೂರನೇ ಮಹಡಿಯವನ ನಮಸ್ಕಾರ.

ಟಿವಿಯ ಆ ಪತ್ತೇದಾರಿ ಧಾರಾವಾಹಿ ಬರೆಯುತ್ತಿರುವವನು ನಾನೇ. ಪತ್ತೇದಾರ ಹನ್ನೊಂದು ವಾರದಿಂದ ಬೆನ್ನಟ್ಟುತ್ತಿರುವ, ಅಳತೆ ಟೇಪಿನಿಂದ ಕೊರಳು ಬಿಗಿಯುವ ಕೊಲೆಗಾರನಿಗೆ ನಿಮ್ಮ ಕಸುಬು ಕೊಟ್ಟವನೂ ನಾನೇ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನು ಹೇಳುವ "ಉಸಿರು ಬಿಡಿ, ಆಯ್ತು" ನಿಮ್ಮದೇ ಮಾತು. ಸ್ವಂತದ್ದು ಹೊಳೆಯದೆ ಕದ್ದೆ. ಈಗ ಬೀದಿಯ ಮಕ್ಕಳು ನಿಮ್ಮ ಅಂಗಡಿ ಮುಂದೆ ಅದನ್ನೇ ಕೂಗಿ ಓಡುತ್ತಾರೆ.

ತಪ್ಪೊಪ್ಪಿಕೊಳ್ಳಲೆಂದೇ ಮೊನ್ನೆ ಬಂದಿದ್ದೆ. ಅದರ ಬದಲು ಅಂಗಿ ಹೊಲಿಸಬೇಕು ಅಂದುಬಿಟ್ಟೆ. ನೀವು ಟೇಪು ಎತ್ತಿದಾಗ, ಕಥೆ ಕಟ್ಟಿದ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ನೀವು ಬೇಸರ ತೋರಿಸಲಿಲ್ಲ. ಟೇಪು ಸುತ್ತಿಟ್ಟು, "ಪರವಾಗಿಲ್ಲ ಸರ್, ಹಳೇ ಅಂಗಿ ಒಂದು ಕಳಿಸಿ, ಅದರಲ್ಲೇ ಅಳತೆ ತಗೋತೀನಿ. ಈಗ ಎಲ್ಲರೂ ಹಾಗೇ ಮಾಡ್ತಾರೆ" ಅಂದಿರಿ.

ಕೊಲೆಗಾರನ ಕಸುಬು ಬದಲಿಸೋಣವೆಂದು ಧಾರಾವಾಹಿಯವರನ್ನು ಕೇಳಿದೆ. ಜನ ಮೆಚ್ಚಿದ್ದಾರೆ, ಆಗದು ಅಂದರು.

ಹಳೆಯ ಅಂಗಿ ಕಳಿಸುತ್ತಿಲ್ಲ. ನಾಳೆ ಸಂಜೆ, ಬೀದಿ ತುಂಬಿರುವಾಗ, ನಾನೇ ಬರುತ್ತೇನೆ. ಎಲ್ಲರಿಗೂ ಕಾಣುವಂತೆ ಬಾಗಿಲಲ್ಲೇ ನಿಲ್ಲಿಸಿ ಕೊರಳಿನ ಅಳತೆ ತೆಗೆದುಕೊಳ್ಳಿ. ನಿಮ್ಮ ಆ ಮಾತನ್ನೂ ಹೇಳಿ. ನಾನು ಅಲುಗಾಡುವುದಿಲ್ಲ.

ಇಂತಿ, ತಲೆ ಎತ್ತಲಾರದ
ನಿಮ್ಮ ಗಿರಾಕಿ