ನಾಲ್ಕು ಗ್ಲೌಸಿನವನಿಗೆ ಒಂದು ಜಾಗ ಕೊಡಿ

ಬೇಸ್‌ಬಾಲ್ ಲೀಗಿನ ಮಾನ್ಯ ಅಧ್ಯಕ್ಷರೇ,

ನೀವು ಪ್ರಕಟಿಸಿರುವ ಈ ಋತುವಿನ ಅತ್ಯುತ್ತಮರ ಆಲ್‌ಸ್ಟಾರ್ ತಂಡದಲ್ಲಿ ವಿಲ್ಕಿನ್ ಪಾಯಾನೋನ ಹೆಸರಿಲ್ಲ. ಮತ ಹಾಕಿದ ಏಳು ತಂಡಗಳ ಮ್ಯಾನೇಜರ್‌ಗಳಲ್ಲಿ ಆರು ಮಂದಿ ಅವನ ಹೆಸರು ಬರೆದಿದ್ದರು, ಆದರೂ ಇಲ್ಲ. ಇದು ಹೇಗಾಯಿತೆಂದು ನನಗೆ ಗೊತ್ತು. ಇದು ಸರಿಯೆಂದು ನಿಮಗೆ ಹೇಗೆ ಅನ್ನಿಸಿತೋ ಅದು ಮಾತ್ರ ತಿಳಿಯಲಿಲ್ಲ. ನಿಮ್ಮ ಕಚೇರಿಗೆ ನೇರವಾಗಿ ಬರೆದರೆ ‘ನಿಮ್ಮ ಅಭಿಮಾನಕ್ಕೆ ಧನ್ಯವಾದ’ ಎಂಬ ಅಚ್ಚು ಹಾಕಿದ ಉತ್ತರ ಬರುತ್ತದೆ. ಆದ್ದರಿಂದ ಈ ಸಲ ನಮ್ಮೂರಿನ ಪತ್ರಿಕೆಯ ಮೂಲಕವೇ ಬರೆಯುತ್ತಿದ್ದೇನೆ.

ನಾನು ಕಾರ್ವರ್ ಬೆಂಡಿನವಳು. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಹಾಗಾಗಿ ಗದ್ದಲಕ್ಕೆ ಹೆದರುವುದಿಲ್ಲ. ನಮ್ಮ ತಂಡದ ಹೆಸರು ಹೆಗ್ಗಣಗಳು. ಬೇಸಿಗೆ ಬಂತೆಂದರೆ ಊರಿನ ಹಲವು ಮನೆಗಳವರು ಒಬ್ಬೊಬ್ಬ ಆಟಗಾರನನ್ನು ಇಟ್ಟುಕೊಂಡು ಸಾಕುತ್ತೇವೆ. ನಮ್ಮ ನೆಲಮಾಳಿಗೆಯ ಕೋಣೆಗೆ ಈ ವರ್ಷ ಬಂದವನು ವಿಲ್ಕಿನ್, ಡೊಮಿನಿಕನ್ ನಾಡಿನ ಬನೀ ಊರಿನ ಹುಡುಗ. ಮೊದಲ ದಿನ ನಾನು ಅನ್ನ ಮಾಡಲು ಹೋಗಿ ತಳ ಹಿಡಿಸಿದೆ. ಚೆಲ್ಲಲು ಹೊರಟವಳ ಕೈಯಿಂದ ಪಾತ್ರೆ ಕಿತ್ತುಕೊಂಡು, ಆ ಸೀದ ಚಕ್ಕೆಯನ್ನೇ ಕೆರೆದು ಕೆರೆದು ತಿಂದ. ಅವರಲ್ಲಿ ಅದಕ್ಕಾಗಿ ಮಕ್ಕಳು ಜಗಳವಾಡುತ್ತಾರಂತೆ. ನನ್ನ ಅಡುಗೆಯನ್ನು ಈ ಮನೆಯಲ್ಲಿ ಯಾರಾದರೂ ಹೊಗಳಿದ್ದು ಅದೇ ಮೊದಲು. ನನ್ನ ಗಂಡ ಓಟೋ ಇದನ್ನು ಓದುತ್ತಾನೆಂದು ಗೊತ್ತಿದ್ದೇ ಬರೆದಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ವಿಲ್ಕಿನ್ ಬಂದದ್ದು ಮೈದಾನದಲ್ಲಿ ಸೆಕೆಂಡ್ ಬೇಸ್ ಎಂಬ ಜಾಗ ಕಾಯಲು. ಮೇ ತಿಂಗಳಲ್ಲಿ ನಮ್ಮ ಥರ್ಡ್ ಬೇಸಿನವನನ್ನು ಮೇಲಿನ ಲೀಗಿನವರು ಕರೆದುಕೊಂಡರು. ನಮ್ಮ ಮ್ಯಾನೇಜರ್ ಲಾಯ್ಡ್ ಹಬರ್ ಇವನ ಹೆಗಲ ಮೇಲೆ ಕೈಯಿಟ್ಟು, “ವಿಲ್ಕಿನ್, ಇವತ್ತು ನೀನು ಅಲ್ಲಿ” ಎಂದ. ಇವನು ಅಲ್ಲಿಗೆ ಹೋದ. ಜೂನಿನಲ್ಲಿ, ಆ ಎರಡು ಬೇಸುಗಳ ನಡುವೆ ನಿಲ್ಲುವ ನಮ್ಮ ಶಾರ್ಟ್‌ಸ್ಟಾಪ್ ಟ್ಯಾನರ್ ಕಾಲ್ಡ್‌ವೆಲ್‌ಗೂ ಕರೆ ಬಂತು, ಅವನೂ ಹೋದ. “ವಿಲ್ಕಿನ್, ಇವತ್ತು ನೀನು ಅಲ್ಲಿ.” ಆಮೇಲೆ ಮೈದಾನದ ಎಡಗಡೆ ಆಡುವವನ ಮೊಣಕಾಲು ಉಳುಕಿತು. ಮತ್ತೆ ಅದೇ ಮಾತು. ಇದು ಯಾರ ತಪ್ಪೂ ಅಲ್ಲ. ಕೆಳಗಿನ ಲೀಗು ಇರುವುದೇ ಮೇಲಿನವರಿಗೆ ಬೆಳೆಸಿ ಕೊಡುವುದಕ್ಕೆ. ನಾವು ಬೆಳೆಸುತ್ತೇವೆ, ಅವರು ಕೊಯ್ದುಕೊಂಡು ಹೋಗುತ್ತಾರೆ. ಆದರೆ ಕೊಯ್ದ ಮೇಲೂ ಸಂಜೆ ಏಳಕ್ಕೆ ಆಟ ಶುರುವಾಗಲೇಬೇಕಲ್ಲ? ಆ ಖಾಲಿ ಜಾಗದಲ್ಲಿ ನಿಲ್ಲಲು ಒಬ್ಬನಾದರೂ ಬೇಕಲ್ಲ? ಸೆಕೆಂಡ್ ಬೇಸಿಗೂ ಶಾರ್ಟ್‌ಸ್ಟಾಪಿಗೂ ಒಂದೇ ಗ್ಲೌಸು ಸಾಕಾದರೂ, ಜುಲೈ ಹೊತ್ತಿಗೆ ಇವನ ಚೀಲದಲ್ಲಿ ನಾಲ್ಕು ಬಗೆಯ ಗ್ಲೌಸು ಸೇರಿದ್ದವು.

ನಾಲ್ಕನೆಯ ಗ್ಲೌಸಿನ ಕತೆ ಕೇಳಿ. ಒಂದು ಭಾನುವಾರ, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ನಮ್ಮ ಕ್ಯಾಚರ್‌ನ ಬೆರಳು ಆಟದ ನಡುವೆಯೇ ಮುರಿಯಿತು. ಬದಲಿ ಕ್ಯಾಚರ್ ಅದರ ಹಿಂದಿನ ವಾರವಷ್ಟೇ ಮೇಲಿನ ಲೀಗಿಗೆ ಹೋಗಿದ್ದ. ವಿಲ್ಕಿನ್ ಹುಟ್ಟಿದಾರಭ್ಯ ಆ ಮುಖವಾಡ ತೊಟ್ಟವನಲ್ಲ. ಎಡಗಾಲಿನ ಕವಚವನ್ನು ಬಲಗಾಲಿಗೆ ಕಟ್ಟಿಕೊಂಡು ಹೋಗಿ ಕುಕ್ಕರಗಾಲಲ್ಲಿ ಕೂತ. ಎದುರಾಳಿಗಳು ತಮ್ಮ ಬೆಂಚಿನಿಂದ, “ಲೋ, ಕನ್ನಡಿ ಬೇಕೇನೋ?” ಎಂದು ಕಿಚಾಯಿಸಿದರು. ಆಟ ಮುಗಿಯುವವರೆಗೆ ಒಂದು ಚೆಂಡನ್ನೂ ಹಿಂದೆ ಬಿಡಲಿಲ್ಲ, ಗೆದ್ದೆವು. ಮನೆಗೆ ಬಂದು ನನ್ನ ಫ್ರೀಜರಿನ ಬಟಾಣಿ ಪೊಟ್ಟಣಗಳನ್ನು ಎರಡೂ ಮಂಡಿಯ ಮೇಲಿಟ್ಟುಕೊಂಡು ಕೂತವನನ್ನು, “ಹೋಗಲ್ಲ ಅಂತ ಹೇಳೋಕೆ ಬಾಯಿರಲಿಲ್ವೇನೋ?” ಎಂದು ಗದರಿದೆ. “ಹೋಗದೆ ಇದ್ರೆ ಅಲ್ಲಿ ಯಾರಿರ್ತಿದ್ರು, ಅಮ್ಮ?” ಎಂದ. ನಾನು ಬಟಾಣಿಯನ್ನು ಸರಿಮಾಡಿ ಇಟ್ಟೆ.

ಇನ್ನು ನಿಮ್ಮ ಆಯ್ಕೆಯ ವಿಧಾನ. ಒಂದೊಂದು ಸ್ಥಾನಕ್ಕೆ ಒಂದೊಂದು ಹೆಸರು ಬರೆಯಬೇಕು, ಅಲ್ಲವೇ? ವಿಲ್ಕಿನ್‌ನನ್ನು ಒಬ್ಬ ಮ್ಯಾನೇಜರ್ ಸೆಕೆಂಡ್ ಬೇಸಿಗೆ ಬರೆದ. ಇನ್ನೊಬ್ಬ ಥರ್ಡ್ ಬೇಸಿಗೆ, ಮತ್ತೊಬ್ಬ ಶಾರ್ಟ್‌ಸ್ಟಾಪಿಗೆ, ಇಬ್ಬರು ಮೈದಾನದ ಎಡಗಡೆಗೆ, ಮಗದೊಬ್ಬ ಕ್ಯಾಚರ್ ಸ್ಥಾನಕ್ಕೇ ಬರೆದ. ತಮ್ಮನ್ನು ಎಲ್ಲಿ ನಿಂತು ಸೋಲಿಸಿದನೋ ಅಲ್ಲಿಗೆ ಅವನನ್ನು ಬರೆದರು. ನಿಮ್ಮ ಕಚೇರಿ ಸ್ಥಾನವಾರು ಎಣಿಸಿತು, ಎಲ್ಲ ಕಡೆಯೂ ಅವನು ಸೋತ. ಶಾರ್ಟ್‌ಸ್ಟಾಪ್ ಸ್ಥಾನ ಮೂರು ಮತ ಪಡೆದ ಟ್ಯಾನರ್‌ಗೆ ಹೋಯಿತು. ಟ್ಯಾನರ್ ಬಗ್ಗೆ ನನಗೆ ಮುನಿಸಿಲ್ಲ. ಒಳ್ಳೆಯ ಹುಡುಗ, ನನ್ನ ಮೇಜಿನಲ್ಲಿ ಉಂಡವನು. ಆದರೆ ಜೂನಿನಿಂದ ಅವನು ಈ ಲೀಗಿನಲ್ಲೇ ಇಲ್ಲ. ಒಗ್ಗರಣೆಗೆ ಕರಿಬೇವು ಬೇಕು, ಉಣ್ಣುವಾಗ ಎತ್ತಿ ಎಲೆಯಂಚಿಗೆ ಇಡಬೇಕು ಎಂಬುದು ನಿಮ್ಮ ಲೀಗಿನ ಕಾನೂನೇ? ಇದನ್ನು ಕೇಳಲು ಫೋನ್ ಮಾಡಿದೆ. ನಿಮ್ಮ ಸಹಾಯಕಿ ಬಹಳ ವಿನಯದಿಂದ, “ಮೇಡಂ, ಅವ್ರು ಯಾವ ಸ್ಥಾನದವ್ರು ಅಂತ ಒಂದೇ ಒಂದು ಹೇಳಿ” ಎಂದಳು. ಎಲ್ಲ ಸ್ಥಾನದವನು ಎಂದೆ. ಅಂಥ ಸ್ಥಾನ ತಮ್ಮಲ್ಲಿ ಇಲ್ಲ ಎಂದಳು.

ಹೆಸರಿನಲ್ಲೇನಿದೆ, ಬಿಡಿ ಎನ್ನಬಹುದು ನೀವು. ಇದೆ, ಸ್ವಾಮಿ. ವಿಲ್ಕಿನ್‌ಗೆ ಇಪ್ಪತ್ತೇಳು ವಯಸ್ಸು. ಈ ಆಟದಲ್ಲಿ ಅದು ಮುದಿತನ. ಅವನನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಕೋ ಬೇಡವೋ ಎಂದು ನೋಡಲು ಮೇಲಿನ ಕ್ಲಬ್ಬಿನಿಂದ ಒಬ್ಬರು ಬಂದಿದ್ದರು. ನಮ್ಮ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿಯುತ್ತ ವಿಲ್ಕಿನ್‌ಗೆ ಹೇಳಿದರು: “ನೀನು ಎಲ್ಲಾ ಕಡೆ ಆಡ್ತೀಯ, ಒಪ್ಕೋತೀನಿ. ಆದ್ರೆ ನೀನು ಎಲ್ಲಿಯವನಪ್ಪ? ಆಲ್‌ಸ್ಟಾರಲ್ಲಿ ಹೆಸರು ಬಂದ್ರೆ ನಾನು ಮೇಲೆ ಮಾತಾಡಬಹುದು. ಇಲ್ಲಾಂದ್ರೆ ಕಷ್ಟ.” ಆ ಮನುಷ್ಯನ ಮುಂದೆ ಎರಡನೆಯ ಲೋಟ ಕಾಫಿ ಇಡಲು ನನಗೆ ಮನಸ್ಸಾಗಲಿಲ್ಲ. ಹೆಸರು ಬರಲಿಲ್ಲ. ಈ ಭಾನುವಾರ ಕೊನೆಯ ಆಟ, ಸೋಮವಾರ ಊರಿಗೆ ವಿಲ್ಕಿನ್‌ನ ವಿಮಾನ. ಅದರೊಳಗೆ ಏನೂ ಆಗದಿದ್ದರೆ ಅವನ ಬೇಸ್‌ಬಾಲ್ ಅಲ್ಲಿಗೆ ಮುಗಿಯಿತು.

ಕಳೆದ ಶನಿವಾರ ಮಧ್ಯಾಹ್ನದ ನಿಮ್ಮ ಸನ್ಮಾನ ಸಮಾರಂಭ ನೆನಪಿರಬೇಕು. ಟ್ಯಾನರ್ ದೂರದಲ್ಲಿದ್ದಾನೆ, ಅವನ ಫಲಕ ಸ್ವೀಕರಿಸಲು ಯಾರನ್ನಾದರೂ ಕಳಿಸಿ ಎಂದು ನಿಮ್ಮ ಕಚೇರಿಯೇ ಕೇಳಿತ್ತು. ಲಾಯ್ಡ್ ಹಬರ್ ಯೋಚನೆಯನ್ನೇ ಮಾಡಲಿಲ್ಲ. ಅವನ ಬಾಯಿಗೆ ಅಭ್ಯಾಸವಾಗಿ ಹೋಗಿದೆ. “ವಿಲ್ಕಿನ್, ಇವತ್ತು ನೀನು ಅಲ್ಲಿ.” ಇವನು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಹೋದ, ಹಾಕಿಕೊಟ್ಟವಳು ನಾನೇ. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ, ಮೈಕು ಚಾಲೂ ಇತ್ತು. ನೀವು ಅವನ ಕೈ ಹಿಡಿದು ಕುಲುಕುತ್ತ ಹೇಳಿದ ಮಾತನ್ನು ಇಡೀ ಮೈದಾನ ಕೇಳಿತು: “ಅಭಿನಂದನೆ ಟ್ಯಾನರ್. ಆಗಸ್ಟಲ್ಲಿ ಬೆನ್ನು ತಿರುಗಿಸಿ ಓಡಿ, ಕಣ್ಣಿಗೆ ಬಿಸಿಲು ಹೊಡೀತಿದ್ರೂ ಹಾರಿ ಹಿಡಿದ್ರಲ್ಲ, ಆ ಕ್ಯಾಚ್ ನಾನೇ ಕಣ್ಣಾರೆ ನೋಡ್ದೆ. ಈ ವರ್ಷದ ಶಾರ್ಟ್‌ಸ್ಟಾಪ್ ಯಾರು ಅಂತ ನನಗೆ ಅವತ್ತೇ ಗೊತ್ತಾಯ್ತು.”

ಮಾನ್ಯರೇ, ಆಗಸ್ಟಿನಲ್ಲಿ ಟ್ಯಾನರ್ ಇಲ್ಲಿರಲಿಲ್ಲ. ಹಾರಿ ಹಿಡಿದವನ ಕೈಯನ್ನೇ ನೀವು ಆಗ ಕುಲುಕುತ್ತಿದ್ದಿರಿ. ಆ ಕೈಯ ಒಡೆಯ ತಲೆಬಾಗಿ, “ಥ್ಯಾಂಕ್ಸ್ ಸರ್, ಅವನಿಗೆ ಹೇಳ್ತೀನಿ” ಎಂದು ಕೆಳಗಿಳಿದು ಬಂದ. ನನಗೆ ಆಗ ಬಂದದ್ದು ನಗುವೋ ಅಳುವೋ ಇವತ್ತಿಗೂ ಗೊತ್ತಿಲ್ಲ. ಮನೆಗೆ ಬಂದವನು ಫಲಕದ ಮೇಲಿನ ತನ್ನ ಬೆರಳಚ್ಚನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿತ್ತ. “ಚೆನ್ನಾಗಿ ಸುತ್ತಿ ಟ್ಯಾನರ್‌ಗೆ ಕಳಿಸಮ್ಮ, ದಾರೀಲಿ ಒಡೀಬಾರ್ದು” ಎಂದ.

ನಾನು ಕಳಿಸಿಲ್ಲ. ಫಲಕ ನನ್ನ ಫ್ರಿಜ್ಜಿನ ಮೇಲೆ ಒತ್ತೆಯಾಗಿದೆ, ಪೊಲೀಸರನ್ನು ಕಳಿಸುವುದಾದರೆ ಊಟದ ಹೊತ್ತಿಗೆ ಕಳಿಸಿ. ನನ್ನ ಬೇಡಿಕೆ ಒಂದೇ. ಟ್ಯಾನರ್‌ನದನ್ನು ಕಿತ್ತುಕೊಳ್ಳಬೇಡಿ, ಅವನದು ಅವನಿಗಿರಲಿ. ‘ಎಲ್ಲಿ ಬೇಕೋ ಅಲ್ಲಿ’ ಎಂಬ ಒಂದು ಸ್ಥಾನವನ್ನು ತಂಡಕ್ಕೆ ಸೇರಿಸಿ, ಅದರ ಮುಂದೆ ವಿಲ್ಕಿನ್ ಪಾಯಾನೋ ಎಂದು ಬರೆದು, ಸೋಮವಾರದ ವಿಮಾನ ಹೊರಡುವ ಮೊದಲು ಮೇಲಿನ ಕ್ಲಬ್ಬಿಗೆ ತಿಳಿಸಿ. ಆ ಆಟಗಾರನನ್ನು ನೀವು ಆಗಸ್ಟಿನಲ್ಲೇ ಆರಿಸಿಯಾಗಿದೆ, ನಿಮ್ಮ ಬಾಯಿಂದಲೇ ಕೇಳಿದ್ದೇವೆ. ಹೆಸರು ಮಾತ್ರ ಕೇಳುವುದನ್ನು ಮರೆತಿರಿ.

ಇಂತಿ,
ತಳ ಸೀದ ಅನ್ನವನ್ನು ಇನ್ನು ಯಾರಿಗೆ ಬಡಿಸಲಿ ಎಂದು ಕೂತಿರುವ
ವಿಲ್ಮಾ ಕ್ರಾಂಟ್ಜ್, ಕಾರ್ವರ್ ಬೆಂಡ್