ಕಿಟಕಿ ಪಕ್ಕದ ಪುಟ್ಟ ಸೀಟು

ಅಮ್ಮಾ,

ಕ್ಷೇಮವಾಗಿ ಮನೆ ಸೇರಿದೆವು. “ತಾಯಿ ಮಡಿಲಿಗಿಂತ ಭದ್ರವಾದ ಜಾಗ ಇದ್ಯೇನೇ?” ಎಂದು ನೀನು ಬೈದರೂ ಪುಟ್ಟಿಗೆ ಬೇರೆ ಟಿಕೆಟ್ ಕೊಂಡು, ಕಾರಿನಲ್ಲಿ ಅವಳನ್ನು ಕೂರಿಸುವ ಬೆಲ್ಟಿನ ಪುಟ್ಟ ಸೀಟನ್ನೇ ವಿಮಾನದ ಕಿಟಕಿ ಪಕ್ಕ ಬಿಗಿದು ಅದರಲ್ಲಿ ಕೂರಿಸಿದ್ದೆ.

ದಾರಿಯಲ್ಲಿ ಗಾಳಿಯ ಹೊಡೆತಕ್ಕೆ ವಿಮಾನ ಒಮ್ಮೆಲೇ ಕೆಳಕ್ಕೆ ಕುಸಿಯಿತು. ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಗಳಿಂದ ಅವುಚಿಕೊಂಡಿದ್ದೆ. ಆದರೂ ಅದು ಕೈಯಿಂದ ಕಿತ್ತುಕೊಂಡು ಹೋಗಿ ಚಾವಣಿಗೆ ಬಡಿಯಿತು. ಪುಟ್ಟಿ ಬೆಲ್ಟಿನೊಳಗೆ ಕದಲಲೂ ಇಲ್ಲ. “ಅಮ್ಮಾ, ಇನ್ನೊಂದ್ಸಲ!” ಎಂದು ನಕ್ಕಳು.

ಮುಂದಿನ ವಾರ ತಂಗಿ ಕೂಸನ್ನು ಮಡಿಲಲ್ಲಿಟ್ಟುಕೊಂಡೇ ವಿಮಾನ ಹತ್ತುತ್ತಾಳಂತೆ. ಈ ಸೀಟು ಕಳಿಸುತ್ತಿದ್ದೇನೆ. ಕೂಸಿಗೂ ಟಿಕೆಟ್ ತೆಗೆದುಕೊಳ್ಳಲು ನೀನೇ ಹೇಳಮ್ಮ. ನನ್ನ ಮಾತು ಅವಳ ಕಿವಿಗೆ ಬೀಳುವುದಿಲ್ಲ.

ಪುಟ್ಟಿ ಆಟವಾಡುತ್ತಿದ್ದಾಳೆ. ಎತ್ತಿಕೋ ಎಂದು ಬಂದರೆ ನಾನು ನೆಲದ ಮೇಲೆ ಕುಳಿತುಬಿಡುತ್ತೇನೆ. ಚೀಲವನ್ನೇ ಹಿಡಿದಿಡಲಾಗದ ಈ ಕೈಗಳ ಮೇಲೆ ಇನ್ನೂ ನಂಬಿಕೆ ಬಂದಿಲ್ಲ.

ನಿನ್ನ ದೊಡ್ಡ ಮಗಳು